ಆಳದ ನೀರಿಗಿಳಿದ ಹೆಂಗಸರು

ಬ್ಲಾಂಟೈರ್
3 ಮಾರ್ಚ್ 1996

ಅಕ್ಕಾ,

ಕೂತುಕೊಂಡು ಓದು, ನಿಂತಿದ್ದರೆ ಬಿದ್ದುಬಿಡ್ತೀಯ. ಇಷ್ಟು ದಿನ ಕ್ಲಬ್ಬಿನ ಈಜುಕೊಳದ ಬಾಗಿಲಲ್ಲಿ ನಿಂತು ದೊಡ್ಡವರ ಮಕ್ಕಳಿಗೆ ಟವೆಲ್ ಕೊಡುತ್ತಿದ್ದ ನಿನ್ನ ತಂಗಿ ತಿವೊಂಗೆ ಈಗ ಅದೇ ಮಕ್ಕಳಿಗೆ ಈಜು ಕಲಿಸುತ್ತಾಳೆ. ನಮ್ಮ ಮುಖ್ಯ ತರಬೇತುದಾರ ಮುತಾಸಾ ಅವರು ನನಗೊಂದು ಸೀಟಿ ಕೊಟ್ಟಿದ್ದಾರೆ. ಕುತ್ತಿಗೆಗೆ ಹಾಕಿಕೊಂಡು ಓಡಾಡುತ್ತೇನೆ, ಮಲಗುವಾಗಲೂ ತೆಗೆಯಲು ಮನಸ್ಸಿಲ್ಲ.

ಬೆಳಕು ಹರಿಯುವ ಮೊದಲೇ ಎದ್ದು ನ್ದಿರಾಂಡೆ ಗುಡ್ಡದ ರಸ್ತೆಯಲ್ಲಿ ಓಡುತ್ತೇನೆ. ಆಮೇಲೆ ಕೊಳ. ಮಧ್ಯಾಹ್ನ ಮಕ್ಕಳು, ಸಂಜೆ ಮತ್ತೆ ಕೊಳ. ತೋಳು ಎಷ್ಟು ದಪ್ಪ ಆಗಿದೆ ಅಂದರೆ ಹಳೇ ರವಿಕೆಗಳ ಹೊಲಿಗೆ ಬಿಚ್ಚಿಸಬೇಕಾಯಿತು. ಮೇ ತಿಂಗಳಲ್ಲಿ ಆಯ್ಕೆ ಪಂದ್ಯ ಇದೆ. ಅದರಲ್ಲಿ ಗೆದ್ದರೆ ಲುಸಾಕಾಕ್ಕೆ, ಸುತ್ತಲ ದೇಶದವರ ಜೊತೆ ಈಜಲು. ಮುತಾಸಾ ಅವರು ವರ್ಷದ ಕೊನೆಗೆ ತಮ್ಮ ಊರು ಮುತಾರೆಗೆ ಹೊರಟುಹೋಗುತ್ತಾರೆ. ಅವರ ಜಾಗ ಖಾಲಿಯಾಗುತ್ತದೆ. ಲುಸಾಕಾದಿಂದ ಪದಕ ತಂದವಳಿಗೆ ಇಲ್ಲ ಅನ್ನಲು ಕ್ಲಬ್ಬಿನ ಕಮಿಟಿಯವರಿಗೆ ಬಾಯಿ ಬರುತ್ತದೆಯೇ? ಎಲ್ಲಾ ಲೆಕ್ಕ ಹಾಕಿ ಇಟ್ಟಿದ್ದೇನೆ.

ನೀನು ಹೇಗಿದ್ದೀಯ, ಯೊಹಾನೆ ಭಾವ ಹೇಗಿದ್ದಾರೆ? ನಿನ್ನ ಗೆಳತಿ ಜೆನಾಲಾ ಬಾಯಿ ಇನ್ನೂ ಹಾಗೇ ಇದೆಯಾ?

ನಿನ್ನ
ತಿವೊಂಗೆ


ನ್ಖಾಟಾ ಬೇ
30 ಮಾರ್ಚ್ 1996

ತಿವೊಂಗೆ,

ಕಾಗದ ಬಂತು. ಮೀನು ಒಣಗಿಸೋ ಚಪ್ಪರದ ಕೆಳಗೆ ಕೂತು ಬರೀತಿದ್ದೀನಿ, ವಾಸನೆ ಬಂದ್ರೆ ಮೂಗು ಮುಚ್ಚಿಕೊಂಡು ಓದು. ನೀನೀಗ ದೊಡ್ಡೋರ ಮಧ್ಯೆ ಇರೋಳು.

ನಿನ್ನ ಕಾಗದಾನ ಜೆನಾಲಾಗೆ ಓದಿ ಹೇಳಿದೆ. ನಕ್ಕೂ ನಕ್ಕೂ ಅವಳ ಕೈಲಿದ್ದ ಮೀನೆಲ್ಲ ಮರಳಿಗೆ ಬಿತ್ತು. ಈಜೋದಕ್ಕೆ ಸಂಬಳ ಕೊಡ್ತಾರಂತೆ, ಹಾಗಾದ್ರೆ ನಮ್ಮೂರ ಬಾತುಕೋಳಿಗಳಿಗೆ ಎಷ್ಟು ಬಾಕಿ ಕೊಡಬೇಕು ಕೇಳು ಅಂದ್ಲು. ಮೊನ್ನೆ ಮೊನ್ನೆವರೆಗೂ ಹೆಂಗಸರು ಮೊಣಕಾಲು ಕಾಣೋ ಹಾಗೆ ಬಟ್ಟೆ ಹಾಕಿದ್ರೆ ಪೊಲೀಸಿನೋರು ಹಿಡೀತಿದ್ದ ದೇಶ ಇದು. ಈಗ ನೀನು ಹಾಕ್ಕೊಳ್ಳೋ ಆ ಬಟ್ಟೆ ನೋಡಿದ್ರೆ ಅಮ್ಮ ಗೋರಿಯಿಂದ ಎದ್ದು ಬರ್ತಿದ್ಲು.

ತಮಾಷೆ ಬಿಡು. ಚೆನ್ನಾಗಿ ತಿನ್ನು. ಚಿಕ್ಕವಳಿದ್ದಾಗ ಮಾವನ ದೋಣಿ ಹಿಂದೆ ಜೋತುಬಿದ್ದು ಈಜು ಕಲಿತೋಳು ನೀನು. ಮನೇಲಿ ಗಂಡು ಹುಡುಗರಿಲ್ಲ ಅಂತ ಮಾವ ನಿನ್ನನ್ನ ಬಲೆ ಎಳೆಯೋಕೆ ಕರ್ಕೊಂಡು ಹೋಗ್ತಿದ್ದ, ನನ್ನನ್ನ ಅಮ್ಮ ಒಲೆ ಮುಂದೆ ಕೂರಿಸಿದ್ಲು. ನಾನು ಇವತ್ತಿಗೂ ಸೊಂಟದ ಮಟ್ಟದ ನೀರು ದಾಟಿಲ್ಲ. ಪಾತ್ರೆ ತೊಳೆಯೋಕೆ ಅಷ್ಟು ಸಾಕು.

ಈ ವರ್ಷ ನಮ್ಮ ಸರೋವರದಲ್ಲಿ ಉಸಿಪಾ ಮೀನು ಕಮ್ಮಿ. ಬಲೆ ಎತ್ತಿದ್ರೆ ನೊರೆ ಬರುತ್ತೆ. ವ್ಯಾಪಾರ ಸ್ವಲ್ಪ ದೂರಕ್ಕೆ ಹಬ್ಬಿಸಿದ್ದೀವಿ, ನಾನು, ಜೆನಾಲಾ, ಇನ್ನೂ ಕೆಲವರು. ಚಿಂತೆ ಮಾಡಬೇಡ.

ಲಿನೆಸ್


ಬ್ಲಾಂಟೈರ್
12 ಮೇ 1996

ಅಕ್ಕಾ,

ಆಯ್ಕೆ ಪಂದ್ಯ ಮುಗಿಯಿತು. ಚೆನ್ನಾಗಿಯೇ ಆಯಿತು. ಲುಸಾಕಾಕ್ಕೆ ಹೋಗುವವರ ಹೆಸರು ಇನ್ನೂ ಹೇಳಬೇಕಷ್ಟೆ.

ಮುತಾಸಾ ಅವರ ಜಾಗದ ವಿಷಯಕ್ಕೆ ಕಮಿಟಿಯವರು ಪಂದ್ಯಕ್ಕೆ ಮೊದಲೇ ನನ್ನನ್ನು ಒಮ್ಮೆ ಕರೆದಿದ್ದರು. ಉದ್ದ ಮೇಜು, ಐದಾರು ಜನ, ಎಲ್ಲರ ಮುಂದೆ ಚಹಾ, ನನ್ನ ಮುಂದೆ ಬರೀ ಮೇಜು. ಅವರಲ್ಲಿ ಒಬ್ಬರು ಡಾಕ್ಟರಮ್ಮ, ಕುಮ್ವೆಂಡಾ ಅಂತ. ದೊಡ್ಡ ಆಸ್ಪತ್ರೆಯವರು. ಉಳಿದವರು ನನ್ನ ವೇಗ, ತೂಕ, ಮಕ್ಕಳ ಹಾಜರಿ ಕೇಳಿದರು. ಈಯಮ್ಮ ಮಾತ್ರ ಕನ್ನಡಕ ತೆಗೆದಿಟ್ಟು, "ಇಷ್ಟೆಲ್ಲ ಯಾಕಮ್ಮ ಈಜ್ತೀಯ?" ಅಂದರು. ಮೊದಲು ಬರುವುದಕ್ಕೆ ಅಂದೆ. "ಬಂದ ಮೇಲೆ?" ಮುಂದಿನ ಸಲವೂ ಮೊದಲು ಬರುವುದಕ್ಕೆ ಅಂದೆ. ಎಲ್ಲರೂ ನಕ್ಕರು. ಆಯಮ್ಮ ನಗಲಿಲ್ಲ. ತೀರ್ಮಾನ ನವೆಂಬರಿಗೆ ಮುಂದೆ ಹಾಕಿದ್ದಾರೆ.

ಅಂದಿನಿಂದ ಮೈ ಉರಿಯುತ್ತಿದೆ. ಓಟದ ಕುದುರೆಯನ್ನು ಯಾಕೆ ಓಡ್ತೀಯ ಅಂತ ಯಾರಾದರೂ ಕೇಳುತ್ತಾರೆಯೇ? ಬೆಳಿಗ್ಗೆ ಗುಡ್ಡ ಹತ್ತುವಾಗ ಆ ಪ್ರಶ್ನೆ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚುತ್ತದೆ.

ನೀನು ಬರೆದು ಬಹಳ ದಿನ ಆಯಿತು. ದೂರದ ವ್ಯಾಪಾರ ಅಂದರೆ ಎಲ್ಲಿಗೆ? ಮ್ಝೂಜು ಪೇಟೆಗಾ?

ತಿವೊಂಗೆ


ನ್ಖಾಟಾ ಬೇ
2 ಜುಲೈ 1996

ಪ್ರಿಯ ಸಹೋದರಿ ತಿವೊಂಗೆಗೆ,

ನಮ್ಮ ಚರ್ಚಿನ ಪಾದ್ರಿಗಳ ಹೆಂಡತಿಯಾದ ನಾನು ನಿಮ್ಮ ಅಕ್ಕ ಲಿನೆಸ್ ಅವರ ಪರವಾಗಿ ಇದನ್ನು ಬರೆಯುತ್ತಿದ್ದೇನೆ. ಅವರ ಬೆರಳಿಗೆ ಮುಳ್ಳು ಚುಚ್ಚಿ ಊದಿಕೊಂಡಿರುವುದರಿಂದ ಪೆನ್ನು ಹಿಡಿಯಲಾಗುತ್ತಿಲ್ಲ. ಮಿಕ್ಕಂತೆ ದೇವರ ದಯೆಯಿಂದ ಎಲ್ಲವೂ ಕ್ಷೇಮ.

ನಿಮ್ಮನ್ನು ಎರಡು ಮಾತು ಕೇಳಬೇಕೆಂದು ಅವರು ಹೇಳುತ್ತಿದ್ದಾರೆ. ಮೊದಲನೆಯದು, ನೀವು ಕಲಿಸುವುದು ಬರೀ ಮಕ್ಕಳಿಗೋ, ಬೆಳೆದ ಹೆಂಗಸಿಗೂ ಈಜು ಬರುತ್ತದೆಯೋ. ಎರಡನೆಯದು, ನೀರಿನ ಭಯ ಒಮ್ಮೆ ಹೊಕ್ಕರೆ ಮತ್ತೆ ಬಿಡುತ್ತದೆಯೋ ಇಲ್ಲವೋ.

ಇಷ್ಟೇ ಸಾಕು ಎನ್ನುತ್ತಿದ್ದಾರೆ. ನಿಮ್ಮ ಕೆಲಸದಲ್ಲಿ ದೇವರ ಭಯವನ್ನು ಮರೆಯದಿರಿ ಎಂಬುದು ನಾನು ನನ್ನ ಕಡೆಯಿಂದ ಸೇರಿಸುವ ಮಾತು.

ನಿಮ್ಮ ಹಿತಚಿಂತಕಿ


ಬ್ಲಾಂಟೈರ್
14 ಜುಲೈ 1996

ಅಕ್ಕಾ,

ಮುಳ್ಳು ಚುಚ್ಚಿದ್ದು ಬೆರಳಿಗೋ ಮನಸ್ಸಿಗೋ? ಮೂರು ತಿಂಗಳು ಸುಮ್ಮನಿದ್ದು, ಕೊನೆಗೆ ಪಾದ್ರಿ ಹೆಂಡತಿಯ ಕೈಲಿ ಉಪದೇಶ ಬರೆಸಿ ಕಳಿಸಿದ್ದೀಯ. ನನ್ನ ಬಟ್ಟೆ ನಿನಗೆ ನಾಚಿಕೆ ಅನ್ನಿಸಿದರೆ ನೇರ ಹೇಳು. ಬೆಳೆದ ಹೆಂಗಸಿಗೂ ಈಜು ಬರುತ್ತದಾ ಅಂತ ಕೇಳಿಸಿದ್ದೀಯಲ್ಲ, ಆ ಕೊಂಕು ನನಗೆ ಅರ್ಥವಾಗುವುದಿಲ್ಲವೇ? ಇಪ್ಪತ್ತಾರು ವರ್ಷದ ಕತ್ತೆ ಇನ್ನೂ ನೀರಲ್ಲಿ ಆಡುತ್ತಾಳೆ ಅಂತ ತಾನೇ?

ಹಾಗಾದರೆ ಇದನ್ನೂ ಕೇಳು, ನಿನಗೆ ಖುಷಿಯಾಗಲಿ. ಲುಸಾಕಾಕ್ಕೆ ನಾನು ಹೋಗಲಿಲ್ಲ. ಚೆನ್ನಾಗಿ ಆಯಿತು ಅಂತ ಬರೆದದ್ದು ಸುಳ್ಳು, ಆಯ್ಕೆ ಪಂದ್ಯದಲ್ಲಿ ನಾಲ್ಕನೆಯವಳಾದೆ. ಮೂರೂ ಹುಡುಗಿಯರು ನನಗಿಂತ ಚಿಕ್ಕವರು, ಅವರಲ್ಲಿ ಒಬ್ಬಳಿಗೆ ನಾನೇ ಕಲಿಸಿದ್ದು. ಕೊನೆಯ ಸುತ್ತಿನಲ್ಲಿ ಉಸಿರು ಇತ್ತು, ತೋಳಲ್ಲಿ ಶಕ್ತಿಯೂ ಇತ್ತು. ಆದರೂ ಒಳಗೆ ಯಾರೋ ಕೂತುಕೊಂಡು, ಬಂದ ಮೇಲೆ, ಬಂದ ಮೇಲೆ ಅಂತ ಕೇಳುತ್ತಲೇ ಇದ್ದರು. ಗೋಡೆ ಮುಟ್ಟಿ ತಲೆ ಎತ್ತಿದಾಗ ಮೂವರೂ ಆಗಲೇ ತಬ್ಬಿಕೊಂಡು ಕುಣಿಯುತ್ತಿದ್ದರು.

ಈಗ ಗುಡ್ಡ ಹತ್ತುವುದನ್ನೂ ಬಿಟ್ಟಿದ್ದೇನೆ. ನಿನ್ನ ಪಾದ್ರಿ ಹೆಂಡತಿಗೆ ಹೇಳು, ಪ್ರಾರ್ಥನೆ ಫಲಿಸಿತು ಅಂತ.

ತಿವೊಂಗೆ


ನ್ಖಾಟಾ ಬೇ
28 ಜುಲೈ 1996

ತಿವೊಂಗೆ,

ಇದು ನನ್ನದೇ ಕೈ. ಅಕ್ಷರ ಸೊಟ್ಟ ಇದೆ, ಸಹಿಸಿಕೋ. ಮುರಿದಿದ್ದ ತೋಳಿನ ಕಟ್ಟು ಹೋದ ವಾರ ಬಿಚ್ಚಿದ್ರು. ಮುಳ್ಳು ಅಂತ ಬರೆಸಿದ್ದು ನಾನೇ. ನಿನಗೆ ಪಂದ್ಯ ಇದೆ, ಲುಸಾಕಾ ಇದೆ, ನಿನ್ನ ಮನಸ್ಸು ಕೆಡೋದು ಬೇಡ ಅಂತಿತ್ತು.

ದೂರದ ವ್ಯಾಪಾರ ಅಂದ್ರೆ ಉಸಿಸ್ಯಾ. ಅಲ್ಲಿಗೆ ಒಳ್ಳೇ ರಸ್ತೆ ಎಲ್ಲಿದೆ, ದೋಣೀಲೇ ಹೋಗಬೇಕು. ಅಲ್ಲಿ ಉಸಿಪಾ ಇನ್ನೂ ಸಿಗುತ್ತೆ. ಹೋಗ್ತಾ ಖಾಲಿ ಬುಟ್ಟಿ, ಬರ್ತಾ ಮೀನಿನ ಮೂಟೆ. ದೋಣಿ ತುಂಬಿದ ಮೇಲೆ ನಾವು ಹೆಂಗಸರು ಮೂಟೆಗಳ ಮೇಲೆ ಕೂರ್ತೀವಿ.

ಜೂನ್ ಮೊದಲ ವಾರ. ಉಸಿಸ್ಯಾ ಬಿಟ್ಟಾಗ ನೀರು ಎಣ್ಣೆ ಹಾಗೆ ನಿಂತಿತ್ತು. ಮೂಲೆ ಗುಡ್ಡ ದಾಟಿದ್ದೇ ತಡ, ಮ್ವೇರಾ ಗಾಳಿ ಎದ್ದಿತು. ನಿನಗೆ ಗೊತ್ತಲ್ಲ ಅದು, ಹೇಳಿ ಕೇಳಿ ಬರೋದಲ್ಲ. ಒಂದು ಅಲೆ ಪಕ್ಕದಿಂದ ಹೊಡೀತು, ಇನ್ನೊಂದು ದೋಣಿನ ಮಗುಚಿಬಿಡ್ತು. ದೋಣಿ ಅಂಚು ಬಡಿದು ನನ್ನ ತೋಳು ಅಲ್ಲೇ ಮುರೀತು. ಗಂಡಸರು ದಡದ ಕಡೆ ಈಜಿಕೊಂಡ್ರು. ಅವರನ್ನ ಬೈಯಲ್ಲ, ಆ ನೀರಲ್ಲಿ ಅವರ ಜೀವ ಅವರಿಗೆ ಸಿಕ್ಕಿದ್ದೇ ಹೆಚ್ಚು. ನನ್ನನ್ನ ಅಲೆ ಎತ್ತಿ ಮಗುಚಿದ ದೋಣಿ ಬೆನ್ನ ಮೇಲೆ ಎಸೀತು. ನಾನು ಬದುಕಿದ್ದು ಹಾಗೆ, ನನ್ನ ಜಾಣತನ ಏನೂ ಇಲ್ಲ.

ಜೆನಾಲಾ ನನ್ನಿಂದ ಒಂದು ಕೋಲಿನಷ್ಟು ದೂರದಲ್ಲಿದ್ಲು. ಮೀನಿನ ಮೂಟೆ ತಬ್ಬಿಕೊಂಡಿದ್ಲು. ಮೊದಲು ತೇಲ್ತು, ಆಮೇಲೆ ನೀರು ಕುಡಿದು ಭಾರ ಆಯ್ತು. ಅವಳನ್ನೂ ಕೆಳಗೆ ಎಳೀತಿತ್ತು. "ಬಿಡೇ, ಮೂಟೆ ಬಿಡೇ" ಅಂದೆ.

"ಬಿಟ್ಟು ಏನನ್ನ ಹಿಡೀಲೇ?" ಅಂದ್ಲು.

ಅಷ್ಟೇ. ಏನನ್ನ ಹಿಡೀಬೇಕು ಅಂತ ನನಗೇ ಗೊತ್ತಿರಲಿಲ್ಲ. ಅವಳ ತಲೆಗೆ ಕಟ್ಟಿದ್ದ ಹಳದಿ ಬಟ್ಟೆ ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಕಾಣಲಿಲ್ಲ.

ಅವಳ ತಾಯಿ ನ್ಯಾಚಿರ್ವಾ ಈಗಲೂ ದಿನಾ ಸಂಜೆ ದಡಕ್ಕೆ ಬಂದು ಕೂರ್ತಾಳೆ. ಅಳಲ್ಲ. ನೀರಿನ ಜೊತೆ ಮಾತು ಬಿಟ್ಟವಳ ಹಾಗೆ ಅದಕ್ಕೆ ಬೆನ್ನು ಹಾಕಿ ಕೂರ್ತಾಳೆ.

ನಾನು ಕೊಂಕು ಕೇಳಿಸಲಿಲ್ಲ ಕಣೇ. ನಿಜವಾಗಲೂ ಕೇಳಿಸಿದ್ದು. ಬೆಳೆದ ಹೆಂಗಸಿಗೆ ಈಜು ಬರುತ್ತಾ? ವ್ಯಾಪಾರ ಬಿಡೋಕಾಗಲ್ಲ, ದೋಣಿ ಹತ್ತಲೇಬೇಕು. ಉಳಿದೋರೂ ಹತ್ತಲೇಬೇಕು. ನೀನು ನಾಲ್ಕನೆಯವಳಾದ್ರೇನು, ನಮ್ಮ ಪೈಕಿ ನೀರನ್ನ ಬಲ್ಲ ಹೆಂಗಸು ನೀನೊಬ್ಬಳೇ.

ಲಿನೆಸ್


ಬ್ಲಾಂಟೈರ್
6 ಆಗಸ್ಟ್ 1996

ಅಕ್ಕಾ,

ನಿನ್ನ ಕಾಗದವನ್ನು ಕೊಳದ ಮೆಟ್ಟಿಲ ಮೇಲೆ ಕೂತು ಓದಿದೆ. ಈ ಚಳಿಗೆ ಕೊಳದಲ್ಲಿ ಯಾರೂ ಇರಲಿಲ್ಲ, ಅಳಲು ಅನುಕೂಲವಾಯಿತು.

ಶುಕ್ರವಾರದ ಬಸ್ಸಿಗೆ ಹೊರಟೆ. ನಾನು ಬರುವವರೆಗೆ ದೋಣಿ ಹತ್ತಬೇಡ. ಅಡುಗೆ ಎಣ್ಣೆಯ ಖಾಲಿ ಡಬ್ಬಗಳು, ಮುಚ್ಚಳ ಬಿಗಿಯಾಗಿರುವಂಥವು, ಎಷ್ಟು ಸಿಕ್ಕರೆ ಅಷ್ಟು ಕೂಡಿಡು.

ತಿವೊಂಗೆ


ನ್ಖಾಟಾ ಬೇ
20 ಅಕ್ಟೋಬರ್ 1996

ತಿವೊಂಗೆ,

ನೀನು ವಾಪಸ್ ಹೋದ ಮೇಲೆ ಈಜು ಪಾಠ ನಿಂತುಹೋಗುತ್ತೆ ಅಂತ ಊರೋರು ಅಂದ್ಕೊಂಡಿದ್ರು. ನಿಂತಿಲ್ಲ. ಅದನ್ನ ಹೇಳೋಕೇ ಬರೀತಿದ್ದೀನಿ.

ಮೊದಲ ದಿನ ನೆನಪಿದೆಯಾ? ಕೊಲ್ಲಿಯ ಮೂಲೇಲಿ, ಗಾಳಿ ಬೀಸದ ಕಡೆ, ಎದೆ ಮಟ್ಟದ ನೀರಲ್ಲಿ ನಿಂತು ನಾನು ನಿನ್ನ ಕುತ್ತಿಗೆಗೆ ಹೇಗೆ ಜೋತುಬಿದ್ದಿದ್ದೆ ನೋಡು, ನಿನಗೆ ಉಗುರು ಗಾಯ ಆಗಿತ್ತು. ಏನನ್ನ ಹಿಡೀಲಿ, ಏನನ್ನ ಹಿಡೀಲಿ ಅಂತಿದ್ದೆ. ನೀನು, "ಏನನ್ನೂ ಹಿಡೀಬೇಡ ಅಕ್ಕಾ, ಹಾಸಿಗೆ ಮೇಲೆ ಮಲಗೋ ಹಾಗೆ ಮಲಗು" ಅಂದೆ. ಕಿವಿ ನೀರೊಳಗೆ ಹೋದ ಕೂಡಲೇ ನಿನ್ನ ಮಾತು ಕೇಳಿಸದೇ ಹೋಯ್ತು. ಬರೀ ಆಕಾಶ. ನೀನು ಕೈ ತೆಗೆದಿದ್ದೇ ನನಗೆ ಗೊತ್ತಾಗಲಿಲ್ಲ. ಗೊತ್ತಾದಾಗ ಮುಳುಗಿದೆ, ಅದು ಬೇರೆ ವಿಷಯ.

ಈಗ ಹೆಂಗಸರು ಹೆಚ್ಚಾಗಿದ್ದಾರೆ. ಗಂಡಸರು ಮೊದಮೊದಲು ದಡದಲ್ಲಿ ಸಾಲಾಗಿ ಕೂತು ನಗ್ತಿದ್ರು. ನೀರಾನೆ ಜಾತ್ರೆ ಅಂತ ಹೆಸರಿಟ್ಟಿದ್ರು. ಯೊಹಾನೆ ಒಂದು ದಿನ ಎದ್ದು ನಿಂತು, ನಗೋರು ಜೂನ್‌ನಲ್ಲಿ ನನ್ನ ಹೆಂಡತಿ ತೋಳಿಗೆ ಕಟ್ಟು ಕಟ್ಟುವಾಗ ಎಲ್ಲಿದ್ರಿ ಅಂತ ಕೇಳಿದ. ಅವನು ಅಷ್ಟು ಉದ್ದದ ಮಾತು ಆಡಿದ್ದನ್ನ ನಾನು ಮದುವೆ ಆದಾಗಿನಿಂದ ಕೇಳಿಲ್ಲ.

ಪಾದ್ರಿಗಳಿಗೆ ಇದು ಹಿಡಿಸಲಿಲ್ಲ. ಒದ್ದೆ ಬಟ್ಟೆ ಮೈಗೆ ಅಂಟುತ್ತೆ, ಗಂಡಸರು ನೋಡ್ತಾರೆ, ಇದು ಸಭ್ಯ ಹೆಂಗಸರ ಲಕ್ಷಣ ಅಲ್ಲ ಅಂತ ಭಾನುವಾರ ಎಲ್ಲರ ಮುಂದೆ ಹೇಳಿದ್ರು. ಸೋಮವಾರ ನಾವು ನಾಲ್ಕೇ ಜನ. ಆಗ ಗುಡ್ಡದ ದಾರಿಯಿಂದ ಯಾರೋ ಇಳಿದು ಬಂದ್ರು. ನೋಡಿದ್ರೆ ಪಾದ್ರಿ ಹೆಂಡತಿ. ನಮ್ಮನ್ನ ಬೈಯೋಕೆ ಬಂದ್ರು ಅಂದ್ಕೊಂಡ್ವಿ. ಚಪ್ಪಲಿ ಬಿಟ್ಟು, ಚಿತೆಂಜೆ ಬಟ್ಟೇನ ಸೊಂಟಕ್ಕೆ ಇನ್ನೊಂದು ಸುತ್ತು ಬಿಗಿದು, ಸೀದಾ ನೀರಿಗೆ ಇಳಿದ್ರು. "ಹೋದ ವರ್ಷ ಮುಳುಗಿದ ಮೂರು ಹೆಂಗಸರ ಮೈ ತೊಳೆದು ಬಟ್ಟೆ ತೊಡಿಸಿದ್ದು ನಾನು" ಅಂದ್ರು. "ಅವರ ಬಟ್ಟೆನೂ ಮೈಗೆ ಅಂಟಿತ್ತು. ಆಗ ಯಾರೂ ಸಭ್ಯತೆ ಕೇಳಲಿಲ್ಲ. ಹೇಳು ಲಿನೆಸ್, ತಲೆ ಎಲ್ಲಿಡಬೇಕು?" ಮುಂದಿನ ಭಾನುವಾರ ಪಾದ್ರಿಗಳು ಬೇರೇನೋ ವಿಷಯ ಮಾತಾಡಿದ್ರು.

ಇನ್ನೊಂದು ಮಾತು. ಮೊನ್ನೆ ನ್ಯಾಚಿರ್ವಾ ನೀರಿನ ಕಡೆ ಮುಖ ಮಾಡಿ ಕೂತಿದ್ಲು. ನಿನ್ನೆ ಎದ್ದು ನಮ್ಮ ಹತ್ರ ಬಂದ್ಲು. ಅರವತ್ತು ದಾಟಿದೆ ಅವಳಿಗೆ. ನನ್ನ ಮಗಳನ್ನ ತಗೊಂಡಿದ್ದು ಏನು ಅಂತ ನೋಡಬೇಕು, ಒಳಗೆ ಕರ್ಕೊಂಡು ಹೋಗು ಅಂದ್ಲು. ಅವಳ ತಲೆ ಕೆಳಗೆ ನನ್ನ ಕೈ ಇಟ್ಟಿದ್ದೆ. ಬಹಳ ಹೊತ್ತು ಕಣ್ಣು ಮುಚ್ಚಿ ಮಲಗಿದ್ಲು. ನಾನು ಕೈ ತೆಗೆದೆ. ತೇಲ್ತಾ ಇದ್ಲು, ತಿವೊಂಗೆ. ಅವಳಿಗೂ ಗೊತ್ತಾಗಿತ್ತು, ಆದರೂ ಏಳಲಿಲ್ಲ.

ಲಿನೆಸ್


ಬ್ಲಾಂಟೈರ್
17 ನವೆಂಬರ್ 1996

ಅಕ್ಕಾ,

ನಿನ್ನ ಕಾಗದ ಚೀಲದಲ್ಲಿಟ್ಟುಕೊಂಡೇ ಕಮಿಟಿಯ ಮುಂದೆ ಹೋದೆ. ಅದೇ ಉದ್ದ ಮೇಜು. ಈ ಸಲ ನನ್ನ ಮುಂದೆಯೂ ಚಹಾ ಇಟ್ಟಿದ್ದರು.

ಡಾಕ್ಟರಮ್ಮ ಮತ್ತೆ ಕನ್ನಡಕ ತೆಗೆದರು. ಮೇ ತಿಂಗಳಲ್ಲಿ ಕೇಳಿದ್ದನ್ನೇ ಕೇಳುತ್ತೇನೆ ಅಂದರು. ನಾನು ಜೆನಾಲಾ ವಿಷಯ ಹೇಳಿದೆ. ಅವಳು ಏನು ಕೇಳಿದಳು ಅನ್ನುವುದನ್ನು ಹೇಳಿದೆ. ಆ ಪ್ರಶ್ನೆಗೆ ಉತ್ತರ ನನ್ನ ಮೈಯಲ್ಲಿ ಚಿಕ್ಕಂದಿನಿಂದ ಇತ್ತು, ಬಿಟ್ಟರೂ ನೀರು ನಮ್ಮನ್ನು ಹಿಡಿಯುತ್ತದೆ ಅಂತ. ನಾನು ಅದನ್ನು ಕೊಳದಲ್ಲಿ ಹಿಂದಕ್ಕೂ ಮುಂದಕ್ಕೂ ಹೊತ್ತು ತಿರುಗುತ್ತಿದ್ದೆ, ಯಾರಿಗೂ ಕೊಡದೆ. "ಇನ್ನು ಮೇಲೆ ಕೊಡುವುದಕ್ಕೆ ಈಜುತ್ತೇನೆ ಮೇಡಂ" ಅಂದೆ.

ಆಮೇಲೆ ನನ್ನ ಶರತ್ತು ಇಟ್ಟೆ. ಮುತಾಸಾ ಅವರು ಅಲ್ಲೇ ಇದ್ದರು, ಕೆಲಸ ಸಿಗುವ ಮೊದಲೇ ಶರತ್ತು ಹಾಕುವವಳನ್ನು ಇದೇ ಮೊದಲು ನೋಡಿದ್ದು ಅಂತ ಆಮೇಲೆ ನಕ್ಕರು. ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗೆ ಈ ಕೊಳಕ್ಕೆ ಯಾರೂ ಬರುವುದಿಲ್ಲ, ಆ ತಿಂಗಳುಗಳಲ್ಲಿ ನನ್ನನ್ನು ಸರೋವರಕ್ಕೆ ಬಿಡಬೇಕು, ಸಂಬಳ ನಿಲ್ಲಿಸಬಾರದು ಅಂದೆ. ಒಬ್ಬರು ಕೆಮ್ಮಿದರು. ಡಾಕ್ಟರಮ್ಮ, ಮಳೆಗಾಲ ಮುಗಿದು ಗಾಳಿ ಎದ್ದ ಮೇಲೆ ಸರೋವರದ ಕಡೆಯಿಂದ ಆಸ್ಪತ್ರೆಗೆ ನೀರು ಕುಡಿದವರು ಎಷ್ಟು ಜನ ಬರುತ್ತಾರೆ ಅಂತ ನನಗೆ ಗೊತ್ತು, ಇವಳನ್ನು ಕಳಿಸುವುದು ನಮ್ಮ ಕ್ಲಬ್ಬಿಗೇ ಮರ್ಯಾದೆ ಅಂದರು. ಮರುವಾರ ನೇಮಕದ ಪತ್ರ ಕೈಗೆ ಬಂತು. ಅಕ್ಕಾ, ನಿನ್ನ ತಂಗಿ ಮುಖ್ಯ ತರಬೇತುದಾರಳು.

ಗುಡ್ಡ ಮತ್ತೆ ಹತ್ತುತ್ತಿದ್ದೇನೆ. ಮುಂಚೆ ತೋಳು ಬಲಿಯಬೇಕು ಅನ್ನುತ್ತಿದ್ದೆ, ಈಗ ಹೆದರಿ ಒದ್ದಾಡುವ ದಪ್ಪನೆಯ ಹೆಂಗಸನ್ನು ಎತ್ತಿ ಹಿಡಿಯುವಷ್ಟು ಬಲಿಯಬೇಕು ಅಂತ ಓಡುತ್ತೇನೆ. ನಿನ್ನ ಮೇಲೆ ಅಭ್ಯಾಸ ಮಾಡಿದ ಮೇಲೆ ಇದು ಗೊತ್ತಾಯಿತು. ಶನಿವಾರ ಕ್ಲಬ್ಬಿನ ವರ್ಷದ ಪಂದ್ಯ ಇತ್ತು. ಲುಸಾಕಾಕ್ಕೆ ಹೋಗಿಬಂದ ಮೂರೂ ಹುಡುಗಿಯರು ಪಕ್ಕದ ಸಾಲುಗಳಲ್ಲಿದ್ದರು. ಕೊನೆಯ ಸುತ್ತಿನಲ್ಲಿ ಒಳಗೆ ಯಾರೂ ಏನೂ ಕೇಳಲಿಲ್ಲ. ಗೋಡೆ ಮುಟ್ಟಿ ಹಿಂದೆ ತಿರುಗಿ ನೋಡಿದರೆ ಅವರು ಇನ್ನೂ ಬರುತ್ತಿದ್ದರು.

ನ್ಯಾಚಿರ್ವಾ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಈಗ ಬರೀ ತೇಲುವುದು ಸಾಲದು, ಡಬ್ಬ ತಬ್ಬಿಕೊಂಡು ಕಾಲು ಬಡಿಯುವುದನ್ನು ಶುರುಮಾಡಿಸು.

ತಿವೊಂಗೆ


ನ್ಖಾಟಾ ಬೇ
25 ಮೇ 1997

ತಿವೊಂಗೆ,

ನೀನು ಬರೋದಕ್ಕೆ ಇನ್ನೇನು ಕೆಲವೇ ದಿನ ಇದೆ, ಆದ್ರೂ ಇದನ್ನ ಅಷ್ಟು ದಿನ ಹೊಟ್ಟೇಲಿ ಇಟ್ಕೊಳ್ಳೋಕೆ ನನ್ನಿಂದ ಆಗಲ್ಲ.

ಮೊನ್ನೆ ಗುರುವಾರ ಉಸಿಸ್ಯಾದಿಂದ ಏಳು ಹೆಂಗಸರು ಹೊರಟ್ವಿ. ನ್ಯಾಚಿರ್ವಾನೂ ಇದ್ಲು, ಮಗಳ ವ್ಯಾಪಾರ ಈಗ ಅವಳೇ ನೋಡ್ಕೊಳ್ತಾಳೆ. ಪ್ರತಿಯೊಬ್ಬರ ಪಕ್ಕದಲ್ಲೂ ಒಂದೊಂದು ಹಳದಿ ಡಬ್ಬ. ದೋಣಿಯವನು ದಾರಿ ಉದ್ದಕ್ಕೂ ಅಣಕಿಸ್ತಿದ್ದ, ನನ್ನ ದೋಣೀಲಿ ಮೀನಿಗಿಂತ ಖಾಲಿ ಡಬ್ಬಾನೇ ಜಾಸ್ತಿ, ನೀವೇನು ಎಣ್ಣೆ ಅಂಗಡಿ ಇಡ್ತೀರಾ ಅಂತ.

ಅರ್ಧ ದಾರೀಲಿ ಮ್ವೇರಾ ಎದ್ದಿತು. ದೋಣಿ ತಳದ ಹಲಗೆ ಬಿರಿದು ನೀರು ನುಗ್ಗಿತು. ಈ ಸಲ ಮಗುಚೋವರೆಗೂ ನಾವು ಕಾಯಲಿಲ್ಲ. ಪಾದ್ರಿ ಹೆಂಡತಿ ಪ್ರತಿ ಪಾಠದ ಕೊನೆಗೆ ರೂಢಿ ಮಾಡಿಸ್ತಿದ್ದ ಹಾಗೆ ಒಬ್ಬರ ಹೆಸರು ಒಬ್ಬರು ಕೂಗಿಕೊಂಡು, ಡಬ್ಬ ತಬ್ಬಿಕೊಂಡು, ನಾವಾಗೇ ನೀರಿಗೆ ಇಳಿದ್ವಿ. ಮೂಟೆಗಳನ್ನ ಬಿಟ್ವಿ. ಎಲ್ಲರೂ ಬಿಟ್ರು, ತಿವೊಂಗೆ. ಒಬ್ಬಳೂ ಹಿಡ್ಕೊಳ್ಳಲಿಲ್ಲ.

ಭಯ ಆಗಲಿಲ್ಲ ಅಂದ್ರೆ ಸುಳ್ಳು. ಅಲೆ ಮೇಲೆ ಎತ್ತಿದಾಗ ದಡ ಕಾಣ್ತಿತ್ತು, ಕೆಳಗೆ ಇಳಿಸಿದಾಗ ಏನೂ ಕಾಣ್ತಿರಲಿಲ್ಲ. ಬೆನ್ನ ಮೇಲೆ ಮಲಗಿ, ಒಬ್ಬರ ಬಟ್ಟೆ ತುದಿ ಒಬ್ಬರು ಹಿಡಿದು, ಕಾಲು ಬಡೀತಾ ಇದ್ವಿ. ನಿಧಾನವಾಗಿ ಉಸಿರಾಡಿ ಅಂತ ನಾನು ಕೂಗ್ತಿದ್ದೆ. ದೋಣಿಯವನು ಹಿಡ್ಕೊಂಡಿದ್ದ ಹಲಗೆ ಕೈ ಜಾರಿ ಹೋಯ್ತು. ನ್ಯಾಚಿರ್ವಾ ತನ್ನ ಡಬ್ಬದ ಒಂದು ಪಕ್ಕ ಅವನಿಗೆ ಕೊಟ್ಲು. "ಹಿಡ್ಕೋ ಮಗನೇ, ಅಂಗಡಿ ಈಗ ತೆಗೆದಿದೆ" ಅಂದ್ಲು.

ಬಂಡೆ ಮೇಲಿದ್ದ ಮೀನುಗಾರರು ನೀರಿನ ಮೇಲೆ ಸಾಲಾಗಿ ಮಲಗಿದ್ದ ನಮ್ಮನ್ನ ನೋಡಿ, ಎಲ್ಲ ಮುಗೀತು, ಹೆಣಗಳು ಅಂದ್ಕೊಂಡ್ರಂತೆ. ಟೋಪಿ ತೆಗೆದು ಕೈಲಿ ಹಿಡಿದು, ಪ್ರಾರ್ಥನೆ ಹೇಳ್ತಾ ದೋಣಿ ತಂದ್ರು. ಹತ್ತಿರ ಬಂದ್ರೆ ಜಗಳ ಕೇಳಿಸಿತಂತೆ. ನ್ಯಾಚಿರ್ವಾ ನನ್ನ ಕಾಲು ಅವಳ ಮುಖಕ್ಕೆ ನೀರು ಎರಚ್ತಿದೆ ಅಂತ ಬೈತಿದ್ಲು, ನಾನು ಹಾಗಾದ್ರೆ ಮುಂದೆ ಹೋಗು ಅಂತಿದ್ದೆ. ಅವರಲ್ಲಿ ಹಿರಿಯ, "ಹೆಣಗಳು ಇಷ್ಟು ಮಾತಾಡ್ತಾವಾ?" ಅಂದ. ಆಮೇಲೆ ಯಾರಿಗೂ ನಗು ತಡೆಯೋಕಾಗಲಿಲ್ಲ. ನಗ್ತಾ ನೀರು ಕುಡಿದೋರೇ ಜಾಸ್ತಿ.

ಏಳೂ ಜನ ದಡ ಸೇರಿದ್ವಿ. ದೋಣಿಯವನೂ ಸೇರಿದ. ನಮ್ಮ ಕೊಲ್ಲಿಗೆ ಬರೋ ಹೊತ್ತಿಗೆ ಸುದ್ದಿ ಮುಂದೆ ಹೋಗಿತ್ತು. ಊರಿಗೂರೇ ನೀರಿನ ಅಂಚಲ್ಲಿ ನಿಂತಿತ್ತು. ಹೆಂಗಸರು ನಾಲಿಗೆ ಆಡಿಸಿ ಹಾಕಿದ ಖುಷಿಯ ಕೂಗಿಗೆ ಗುಡ್ಡದ ಮೇಲಿನ ಮೇಕೆಗಳು ಓಡಿದ್ವು. ಯೊಹಾನೆ ಸೊಂಟದ ಮಟ್ಟದ ನೀರಿಗೆ ಬಂದು ನನ್ನ ಕೈ ಹಿಡ್ಕೊಂಡ. ನ್ಯಾಚಿರ್ವಾ ಮಾತ್ರ ಯಾರ ಕೈನೂ ಹಿಡೀಲಿಲ್ಲ. ದೋಣಿಯಿಂದ ತಾನೇ ಇಳಿದು, ನೀರಿನ ಕಡೆ ತಿರುಗಿ ನಿಂತು, ಅದನ್ನ ಒಂದು ಸಲ ಮೇಲಿಂದ ಕೆಳಗೆ ನೋಡಿದ್ಲು. ಕುಸ್ತೀಲಿ ತಾವು ಕೆಡವಿದವನನ್ನ ನೋಡ್ತಾರಲ್ಲ, ಹಾಗೆ. ಆಮೇಲೆ ಮನೆಗೆ ಹೋಗಿ ಮರಗೆಣಸಿನ ನ್ಸಿಮಾ ಮುದ್ದೆ ಮಾಡಿ ನಮಗೆಲ್ಲ ಬಡಿಸಿದ್ಲು.

ಮೀನೆಲ್ಲ ಹೋಯ್ತು. ಹೋಗಲಿ. ಬುಧವಾರ ಮತ್ತೆ ಉಸಿಸ್ಯಾಕ್ಕೆ ಹೊರಟಿದ್ದೀವಿ, ಈ ಸಲ ಅಲ್ಲಿನ ಹೆಂಗಸರು ಮೀನು ಮಾರೋಕಷ್ಟೇ ಅಲ್ಲ, ಈಜು ಕಲಿಯೋಕೂ ನಮಗಾಗಿ ಕಾಯ್ತಿದ್ದಾರಂತೆ. ನೀರಿಗೆ ಇಳಿಯೋ ಬಟ್ಟೆ ತಗೊಂಡು ಬನ್ನಿ ಅಂತ ಹೇಳಿ ಕಳಿಸಿದ್ದಾರೆ.

ಲಿನೆಸ್